ಗಾರ್ಮೆಂಟ್ಸ್ ಕೆಲಸ, ಏಳು ತಿಂಗಳ ಬಸುರಿ: ಅಂಗನವಾಡಿ ಊಟ ನಂಬಿಕೊಳ್ಳಬಹುದಾ? ಅನುಭವ ಹೇಳಿ

ಪೀಣ್ಯದಿಂದ, ಮೊದಲ ಬಸುರಿ:
ಅಕ್ಕಂದಿರೇ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮನೆಯವರು ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ, ಕೂಲಿ ದಿನಾ ಸಿಗುವುದಿಲ್ಲ. ರಕ್ತ (ಹಿಮೋಗ್ಲೋಬಿನ್) 8.6 ಇದೆ, ಚೆನ್ನಾಗಿ ತಿನ್ನಬೇಕು ಅಂದರು. ಆಶಾ ಅಕ್ಕ ಅಂಗನವಾಡಿಯಲ್ಲಿ ಹೆಸರು ಬರೆಸು ಅಂದಿದ್ದಾರೆ. ಮಧ್ಯಾಹ್ನ ಅಲ್ಲೇ ಕೂತು ಊಟ ಮಾಡಬೇಕಂತೆ. ನನಗೆ ಬಿಡುವು ಅರ್ಧ ಗಂಟೆ. ಹೆರಿಗೆ ಆದ ಮೇಲೆ ಎದೆಹಾಲು ಸಾಲದೇ ಹೋದರೆ ಪುಡಿ ಹಾಲು ಯಾರಾದರೂ ಉಚಿತವಾಗಿ ಕೊಡುತ್ತಾರಾ?

ಶಿರಾ ಕಡೆಯವಳು:
ಧೈರ್ಯವಾಗಿ ಹೋಗಿ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ ಯೋಜನೆ ಶುರುವಾಗಿದ್ದು 2017ರ ಅಕ್ಟೋಬರ್ 2ಕ್ಕೆ. ನಾನು ಬಸುರಿಯಾಗಿದ್ದು ಮರುವರ್ಷ. ತಿಂಗಳಿಗೆ 25 ದಿನ ಊಟ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ನಮ್ಮ ಹಟ್ಟಿಯಿಂದ ಕೇಂದ್ರಕ್ಕೆ ಒಂದೂಕಾಲು ಕಿಲೋಮೀಟರ್. ಬಿಸಿಲಲ್ಲಿ ತಲೆ ಮೇಲೆ ಟವೆಲ್ ಹಾಕಿಕೊಂಡು ನಡೆದೆ. ಊರವರು "ಊಟಕ್ಕೆ ಗತಿ ಇಲ್ವಾ ಇವಳಿಗೆ" ಅಂದರು. ಅನ್ನಲಿ ಅಂತ ಬಿಟ್ಟೆ. ಊಟ ಆದ ಮೇಲೆ ಟೀಚರ್ ಎದುರಿಗೇ ಕಬ್ಬಿಣದ ಮಾತ್ರೆ ನುಂಗಿಸುತ್ತಿದ್ದರು. ಮನೆಯಲ್ಲಿದ್ದಿದ್ದರೆ ವಾಂತಿ ಬರುತ್ತದೆ ಅಂತ ಬಿಸಾಡುತ್ತಿದ್ದೆ. 8.9 ಇದ್ದ ರಕ್ತ ಹೆರಿಗೆ ಹೊತ್ತಿಗೆ 10.8 ಆಯಿತು. ಮಗಳು 2 ಕಿಲೋ 900 ಗ್ರಾಂ. ನಮ್ಮ ಮನೆಯಲ್ಲಿ ಅಷ್ಟು ತೂಕದ ಮಗು ಅದೇ ಮೊದಲು. ಹೋಗದೆ ಮನೆಯಲ್ಲಿ ಕೂತವರಿಗೆ ನಾಚಿಕೆಯೇ ಅಡ್ಡಿ, ಬೇರೇನೂ ಅಲ್ಲ.

ಕೊಪ್ಪಳದ ಸೊಸೆ:
ಶಿರಾ ಅಕ್ಕಾ, ನಾಚಿಕೆ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಬಸುರಿ ನಡೆದು ಹೋಗಬಹುದು. ಹಸಿ ಬಾಣಂತಿ ಹೋಗುತ್ತಾಳಾ? ನಮ್ಮಲ್ಲಿ ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ನನ್ನ ಪಾಲಿನ ಊಟ ಅಲ್ಲಿ ಬೇಯುತ್ತಿತ್ತು, ನಾನು ಇಲ್ಲಿ ಬಿಳಿ ಅನ್ನ, ಮೆಣಸಿನ ಸಾರು ತಿನ್ನುತ್ತಿದ್ದೆ. ನೀರೂ ಲೆಕ್ಕ ಹಾಕಿ ಕೊಡುತ್ತಿದ್ದರು. ನಾದಿನಿ ಡಬ್ಬಿ ತೆಗೆದುಕೊಂಡು ಹೋದರೆ "ಇಲ್ಲೇ ಬಂದು ಉಣ್ಣಬೇಕು, ಪಾರ್ಸೆಲ್ ಇಲ್ಲ" ಅಂತ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಅವಳು ಹೋಗಲಿಲ್ಲ.

ತವರಿಂದ ಅಂಟಿನುಂಡೆ ಬಂತು, ನಿಜ. ಅದಕ್ಕೆ ಅಪ್ಪ ಮಾಡಿದ ಖರ್ಚು ಕೇಳಿ. ಒಣಕೊಬ್ಬರಿ, ಉತ್ತುತ್ತಿ, ಅಂಟು, ಗಸಗಸೆ, ತುಪ್ಪ ಸೇರಿ 2,740 ರೂಪಾಯಿ. ಎರಡು ಆಡಿನ ಮರಿ ಮಾರಿದರು. ಅದರಲ್ಲಿ ಅರ್ಧ ಮನೆಗೆ ಬಂದವರಿಗೆ ಹಂಚಿ ಹೋಯಿತು. ನನಗೆ ದಿನಕ್ಕೆ ಒಂದು ಉಂಡೆ. ಮೂರನೇ ತಿಂಗಳಿಗೆ ಎದ್ದರೆ ಕಣ್ಣು ಕತ್ತಲೆ. ತೋರಿಸಿದಾಗ ರಕ್ತ 6.8. ಆಸ್ಪತ್ರೆಗೆ ಹಾಕಿದರು.

ಅಂಗನವಾಡಿ ಟೀಚರ್, 19 ವರ್ಷದಿಂದ:
ಮೂರು ಸಲ ವಾಪಸ್ ಕಳಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಡಬ್ಬಿ ಯಾಕೆ ಬೇಡ ಅಂತಾರೆ ಅಂತಲೂ ಕೇಳಿ. ನಾನು ಕೊಟ್ಟು ನೋಡಿದ್ದೇನೆ. ಡಬ್ಬಿ ಮನೆಗೆ ಹೋಯಿತು, ಮೊಟ್ಟೆ ಗಂಡನ ತಟ್ಟೆಗೆ ಬಿತ್ತು, ಹಾಲು ದೊಡ್ಡ ಮಗುವಿಗೆ. ಬಸುರಿಗೆ ಉಳಿದಿದ್ದು ಅನ್ನ. ಇಲ್ಲೇ ಕೂತು ತಿಂದರೆ ಅವಳ ಹೊಟ್ಟೆಗೇ ಹೋಗುತ್ತದೆ.

ನಮ್ಮ ಕಷ್ಟ ಯಾರೂ ಬರೆಯುವುದಿಲ್ಲ. ನನ್ನ ಕೇಂದ್ರದಲ್ಲಿ 28 ಜನ ಬಸುರಿ, ಬಾಣಂತಿಯರು. ಮೊಟ್ಟೆಗೆ ಬರುವ ದರ ಒಂದು, ಅಂಗಡಿ ದರ ಇನ್ನೊಂದು. ಒಂದು ಚಳಿಗಾಲದಲ್ಲಿ ಮೂರು ತಿಂಗಳ ಬಿಲ್ ನಿಂತಿತು. ಅಂಗಡಿಯವರಿಗೆ 11,300 ಬಾಕಿ ಆಯಿತು. ಕಿವಿಯ ಓಲೆ ಅಡ ಇಟ್ಟೆ. ಹಣ ಬಂದ ಮೇಲೆ ಬಿಡಿಸಿದೆ, ಬಡ್ಡಿ 640 ರೂಪಾಯಿ ನನ್ನ ತಲೆ ಮೇಲೆ. ಆ ಮೂರು ತಿಂಗಳು ಒಂದು ದಿನವೂ ಮೊಟ್ಟೆ ತಪ್ಪಿಸಲಿಲ್ಲ.

ಕೊಪ್ಪಳದ ಸೊಸೆ:
ನಿಮ್ಮ ಓಲೆ ವಾಪಸ್ ಬಂತು ಟೀಚರ್. ನನ್ನ ಮಗುವಿನ ಆ ಮೂರು ತಿಂಗಳು ಬರಲಿಲ್ಲ.

ದಾಸರಹಳ್ಳಿ, ಮಗನಿಗೆ ಎರಡು ವರ್ಷ:
ಪುಡಿ ಹಾಲಿನ ಬಗ್ಗೆ ಕೇಳಿದ್ದೀರಿ, ಅದನ್ನು ನಾನು ಹೇಳುತ್ತೇನೆ. ಉಚಿತವಾಗಿ ಯಾರೂ ಕೊಡುವುದಿಲ್ಲ. 1992ರ ಕಾನೂನಿನ ಪ್ರಕಾರ ಕಂಪನಿಯವರು ತಾಯಂದಿರಿಗೆ ಸುಮ್ನೆ ಡಬ್ಬಿ ಹಂಚುವ ಹಾಗಿಲ್ಲ. ಇದು ತಿಳಿಯದೆ ನಾನು ನಾಲ್ಕು ಕಡೆ ಅಲೆದೆ.

ನಾನೂ ಗಾರ್ಮೆಂಟ್ಸ್‌ನವಳೇ. ಎರಡೂವರೆ ತಿಂಗಳಿಗೆ ಮಗುವನ್ನು ಅತ್ತೆ ಹತ್ತಿರ ಬಿಟ್ಟು ಕೆಲಸಕ್ಕೆ ಹೋದೆ. ಹಾಲು ಬತ್ತುತ್ತಾ ಬಂತು. 400 ಗ್ರಾಂ ಡಬ್ಬಿ 455 ರೂಪಾಯಿ. ನಾಲ್ಕು ದಿನಕ್ಕೆ ಒಂದು. ತಿಂಗಳಿಗೆ ಏಳು ಅಂದರೆ 3,185. ಎಂಟು ಆದ ತಿಂಗಳು 3,640. ಬಾಟಲಿ ಎರಡು, ನಿಪ್ಪಲ್ ಬೇರೆ, ಬಾಟಲಿ ಕುದಿಸುವ ಗ್ಯಾಸ್ ಬೇರೆ. ನನ್ನ ಕೈಗೆ ಬರುತ್ತಿದ್ದ ಸಂಬಳ 10,800, ಬಾಡಿಗೆ 4,500.

ಈಗ ಬರೆಯುವುದು ನನಗೆ ಸುಲಭವಲ್ಲ. ಡಬ್ಬಿ ಎಂಟು ದಿನ ಬರಲಿ ಅಂತ 120 ಎಂಎಲ್ ನೀರಿಗೆ ನಾಲ್ಕು ಚಮಚ ಹಾಕುವ ಕಡೆ ಎರಡೇ ಹಾಕಿದೆವು. ಮಗು ಕುಡಿಯುತ್ತಿತ್ತು, ಮಲಗುತ್ತಿತ್ತು. ತಿಂಗಳಿಗೆ ಬರೀ 150 ಗ್ರಾಂ ಏರಿತು. ಡಾಕ್ಟರಮ್ಮ ಡಬ್ಬಿ ಮೇಲಿನ ಅಳತೆ ಓದಿಸಿ, "ನೀನು ಮಗುವಿಗೆ ನೀರು ಕುಡಿಸಿದ್ದೀಯಾ" ಅಂದರು. ಅಳತೆ ಕಡಿಮೆ ಮಾಡಬೇಡಿ. ಸಾಲ ಆದರೂ ಸರಿ.

ಆಮೇಲೆ ಗೊತ್ತಾಯಿತು, ನನಗೆ ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಇತ್ತು. ಸಂಬಳದಲ್ಲಿ ಹಿಡಿಯುತ್ತಿದ್ದ ದುಡ್ಡು ಅದೇ. 26 ವಾರ ಹೆರಿಗೆ ರಜೆ, ಆ ಅಷ್ಟೂ ದಿನಕ್ಕೆ ಹಣ. ಸೂಪರ್‌ವೈಸರ್ ಬಾಯಿ ಬಿಡಲಿಲ್ಲ, ನಾನು ಕೇಳಲಿಲ್ಲ. ರಾಜೀನಾಮೆ ಬರೆದುಕೊಟ್ಟು ಬಂದೆ, ಆಮೇಲೆ ಬೇರೆ ಕಾರ್ಖಾನೆಗೆ ಸೇರಿದೆ. ನೀವು ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ.

ಲೆಸ್ಟರ್‌ನಲ್ಲಿದ್ದ ದಾವಣಗೆರೆಯವಳು:
ಇಂಗ್ಲೆಂಡಿನಲ್ಲೂ ಇದೇ ಕಥೆ. 2022ರಲ್ಲಿ ಯಜಮಾನರು ಎಂಎಸ್‌ಸಿ ಓದಲು ಹೋದರು, ನಾನು ಜೊತೆಗೆ. ಓದುವವರು ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಬಸುರಿಯಾದೆ. ಅಲ್ಲಿ ಬಡ ತಾಯಂದಿರಿಗೆ ಹೆಲ್ತಿ ಸ್ಟಾರ್ಟ್ ಅಂತ ಕಾರ್ಡ್ ಇದೆ. ಆಗ ಬಸುರಿಗೆ ವಾರಕ್ಕೆ 4.25 ಪೌಂಡ್, ವರ್ಷದೊಳಗಿನ ಮಗುವಿದ್ದರೆ 8.50. ನಮ್ಮ ವೀಸಾದವರಿಗೆ ಸರ್ಕಾರದ ಭತ್ಯೆ ಇಲ್ಲ, ಹಾಗಾಗಿ ಆ ಕಾರ್ಡೂ ಇಲ್ಲ. ಸೂಲಗಿತ್ತಿ ನರ್ಸ್ ಒಂದು ಚೀಟಿ ಕೊಟ್ಟು, ಕಷ್ಟದಲ್ಲಿರುವವರಿಗೆ ಉಚಿತವಾಗಿ ಆಹಾರ ಕೊಡುವ ಫುಡ್ ಬ್ಯಾಂಕ್‌ಗೆ ಕಳಿಸಿದರು. ಮೂರು ದಿನದ ಆಹಾರ: ಪಾಸ್ತಾ, ಬೀನ್ಸ್ ಡಬ್ಬಿ, ಹಾಲು, ಬಿಸ್ಕತ್ತು. ವೀಸಾ ಯಾವುದು ಅಂತ ಕೇಳಲಿಲ್ಲ. ಒಬ್ಬ ಅಜ್ಜಿ ಟೀ ಕೊಟ್ಟು ಕೂರಿಸಿದರು. ಅತ್ತುಬಿಟ್ಟೆ. ಬೇಳೆ, ಅಕ್ಕಿ ಇದೆಯಾ ಅಂದಾಗ ಹುಡುಕಿ ಒಂದು ಕಿಲೋ ಅಕ್ಕಿ ತಂದರು. ಪುಡಿ ಹಾಲು ಮಾತ್ರ ಅಲ್ಲೂ ಇರಲಿಲ್ಲ. ಒಂದು ಡಬ್ಬಿ ಕೊಟ್ಟು ಮುಂದಿನ ವಾರ ಇಲ್ಲ ಅಂದರೆ ತಾಯಿ ನೀರು ಬೆರೆಸುತ್ತಾಳೆ ಅಂತ ಅವರ ಭಯ. ದಾಸರಹಳ್ಳಿ ಅಕ್ಕನ ಮಾತು ಓದಿ ಅದೇ ನೆನಪಾಯಿತು.

ಶಿರಾ ಕಡೆಯವಳು:
ವಿಮಾನ ಹತ್ತಿದವರು ಬಡತನ ಹೇಳಬೇಡಿ ತಾಯಿ. ಇಲ್ಲಿ ಕೇಳಿದ್ದು ಪೀಣ್ಯದ ಹುಡುಗಿ.

ಲೆಸ್ಟರ್‌ನಲ್ಲಿದ್ದ ದಾವಣಗೆರೆಯವಳು:
ವಿಮಾನ ಹತ್ತಿದ್ದು ಅಪ್ಪನ ಎರಡು ಎಕರೆ ಅಡವಿಟ್ಟು. ಹಸಿವಿಗೆ ಊರು ಗೊತ್ತಿರುವುದಿಲ್ಲ. ನಿಮಗಾದರೂ ಸುತ್ತ ನಾಲ್ಕು ಜನ ಕನ್ನಡ ಮಾತಾಡುವವರಿದ್ದರು.

ಶಿರಸಿ, ಸಸ್ಯಾಹಾರಿ:
ಎಲ್ಲರೂ ಮೊಟ್ಟೆ, ಮೊಟ್ಟೆ ಅನ್ನುತ್ತೀರಿ. ನಾನು ಮೊಟ್ಟೆ ಮುಟ್ಟದೆ ಎರಡು ಹೆತ್ತಿದ್ದೇನೆ. ನನಗೆ ಮೊಳಕೆ ಕಾಳು ಕೊಟ್ಟರು. ಒಂದೇ ಕಡೆ ಕೂತು ತಿನ್ನಬೇಕಲ್ಲ, ಆ ಮೊಟ್ಟೆ ವಾಸನೆಗೆ ಮೊದಲ ಮೂರು ತಿಂಗಳು ಎದ್ದು ಹೊರಗೆ ಓಡುತ್ತಿದ್ದೆ. ಬೇರೆ ಕೋಣೆ ಕೇಳಿದರೆ ತಪ್ಪಾ?

ಕೊಪ್ಪಳದ ಸೊಸೆ:
ಬೇರೆ ಕೋಣೆಯಾ? ನಮ್ಮ ಊರಿನ ಅಂಗನವಾಡಿಗೆ ಇರುವುದೇ ಒಂದು ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಮಕ್ಕಳು. ಮೊಟ್ಟೆ ಬಿಟ್ಟರೆ ತಿಂಗಳಲ್ಲಿ ಬೇರೆ ಗಟ್ಟಿ ಆಹಾರ ಕಾಣದವರು ನಾವು. ನಿಮ್ಮ ಮನೆಯಲ್ಲಿ ಹಾಲು, ತುಪ್ಪ ಇತ್ತು, ನೀವು ಆರಿಸಿಕೊಂಡಿರಿ.

ಶಿರಸಿ, ಸಸ್ಯಾಹಾರಿ:
ನನ್ನ ಮನೆಯ ತುಪ್ಪ ನೀವು ನೋಡಿದ್ದೀರಾ? ಅಡಿಕೆ ತೋಟ ಬೇರೆಯವರದು, ನಾವು ಸುಲಿಯುವವರು.

ಹುಣಸೂರು ಕಡೆ:
ಮೊಟ್ಟೆ ಜಗಳ ಬಿಡಿ. ಈಗ ಅಂಗನವಾಡಿಯಿಂದ ಮಗುವಿನ ಪುಷ್ಟಿ ಆಹಾರದ ಪ್ಯಾಕೆಟ್ ತರಲು ಮೊಬೈಲ್ ಆ್ಯಪ್‌ಗೆ ಮುಖ ತೋರಿಸಬೇಕು, ಗೊತ್ತಾ? 2025ರ ಜುಲೈಯಿಂದ. ಆಧಾರ್‌ನಲ್ಲಿ ನನ್ನ ಫೋಟೋ ಮದುವೆಗೆ ಮೊದಲಿನದು, ಮುಖ ಹೊಂದುವುದಿಲ್ಲ. ಮೊಬೈಲ್ ನಂಬರ್ ಗಂಡನದು, ಅವರು ಕೊಡಗಿನ ಕಾಫಿ ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಒಟಿಪಿ ಬರುವ ಹೊತ್ತಿಗೆ ಕೇಂದ್ರದ ಬಾಗಿಲು ಹಾಕಿತ್ತು. ಆಧಾರ್ ಸರಿಮಾಡಿಸಲು ತಾಲ್ಲೂಕಿಗೆ ನಾಲ್ಕು ಸಲ. ಬಸ್ಸು ಉಚಿತ, ಕಳೆದುಕೊಂಡ ನಾಲ್ಕು ದಿನದ ಕೂಲಿ 1,600 ಯಾರು ಕೊಡುತ್ತಾರೆ? ತಂಗೀ, ಹೆರಿಗೆಗೆ ಮೊದಲೇ ನಿನ್ನ ನಂಬರ್ ಹಾಕಿಸು. ಮೊದಲ ಮಗುವಿಗೆ ಕೇಂದ್ರ ಸರ್ಕಾರದಿಂದ ಬರುವ 5,000 ರೂಪಾಯಿಯೂ ಆಧಾರ್ ಜೋಡಿಸಿದ ಖಾತೆಗೇ ಬೀಳುವುದು.

ಪೀಣ್ಯದಿಂದ, ಮೊದಲ ಬಸುರಿ:
ಎಲ್ಲ ಓದಿದೆ ಅಕ್ಕಾ. ರಾಜೀನಾಮೆ ಪತ್ರ ನಿನ್ನೆಯೇ ಬರೆಸಿ ಇಟ್ಟುಕೊಂಡಿದ್ದೆ, ಕೊಡಲಿಲ್ಲ. ಇಎಸ್‌ಐ ಕಾರ್ಡ್ ಮನೆಯಲ್ಲಿದೆ. ಟೀಚರ್, ಅರ್ಧ ಗಂಟೆಯಲ್ಲಿ ನಾನು ಅಂಗನವಾಡಿಗೆ ಹೋಗಿ ಬರಲು ಆಗುವುದಿಲ್ಲ. ಏನು ಮಾಡಲಿ?

ಅಂಗನವಾಡಿ ಟೀಚರ್, 19 ವರ್ಷದಿಂದ:
ರಜೆಗೆ ಅರ್ಜಿ ಕೊಡುವವರೆಗೆ ಶನಿವಾರವಾದರೂ ನಿಮ್ಮ ಅಂಗನವಾಡಿಗೆ ಹೋಗು, ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿಕೋ. ಹೆಸರಿದ್ದರೆ ರಜೆಯ ಮೊದಲ ದಿನದಿಂದಲೇ ತಟ್ಟೆ ಹಾಕುತ್ತಾರೆ. 8.6ಕ್ಕೆ ಬರೀ ಊಟ ಸಾಲದು, ಮಾತ್ರೆ ಸಾಕಾ, ಇಂಜೆಕ್ಷನ್ ಬೇಕಾ ಅಂತ ಈ ವಾರವೇ ಡಾಕ್ಟರನ್ನು ಕೇಳು.

ಕೊಪ್ಪಳದ ಸೊಸೆ:
ಮತ್ತೆ ಹೆರಿಗೆ ಆದ ಮೇಲೆ? ಬಾಣಂತಿಗೆ ಡಬ್ಬಿ ಕೊಡುತ್ತೀರಾ, ಇಲ್ವಾ? ಅದನ್ನು ಹೇಳಿ ಟೀಚರ್.

ಅಂಗನವಾಡಿ ಟೀಚರ್, 19 ವರ್ಷದಿಂದ:
ನನ್ನ ಕೇಂದ್ರದಲ್ಲಿ ಮೊದಲ ನಲವತ್ತು ದಿನ ಕೊಡುತ್ತೇನೆ. ಸಹಾಯಕಿ ಹೋಗಿ, ಬಾಣಂತಿ ಮೊಟ್ಟೆ ತಿನ್ನುವವರೆಗೆ ಅಲ್ಲೇ ಕೂತು ಬರುತ್ತಾಳೆ.