ಬಾಕ್ಸ್ ಪ್ರಿಂಟ್ ಮಾಡಿಸುವ ಮೊದಲು ಡೈ ಫೈಲ್: ಮಾಡಿಸಿದವರು ಹೇಳಿ

ದಾವಣಗೆರೆಯಲ್ಲಿ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುತ್ತೇವೆ. ಅರ್ಧ ಕೆಜಿ ಬಾಕ್ಸ್ ಒಂದು ಸಾವಿರ ಬೇಕು. ಡಿಸೈನ್ ಒಬ್ಬರದು, ಪ್ರಿಂಟ್ ಒಂದು ಕಡೆ, ಡೈ ಪಂಚಿಂಗ್ (ಬ್ಲೇಡ್ ಕೂರಿಸಿದ ಹಲಗೆ ಒತ್ತಿ ಶೀಟನ್ನು ಬಾಕ್ಸ್ ಆಕಾರಕ್ಕೆ ಕತ್ತರಿಸುವುದು) ಇನ್ನೊಂದು ಕಡೆ. ಫೈಲ್ ಡ್ರೈವ್‌ಗೆ ಹಾಕಿ ಮೂವರಿಗೂ ಲಿಂಕ್ ಕೊಟ್ಟರೆ ಸಾಕಾ?

* * *

ಲಿಂಕ್ ಕೊಡಿ ಅಕ್ಕ, ಆದರೆ ಮೊದಲು ಡೈ ಗೆರೆ (ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಅಂತ ತೋರಿಸುವ ಗೆರೆ), ಆಮೇಲೆ ಚಿತ್ರ. ನಾವು ಉಲ್ಟಾ ಮಾಡಿ ಕೈ ಸುಟ್ಟುಕೊಂಡೆವು. ಡಿಸೈನ್ ಚೆನ್ನಾಗಿದೆ ಅಂತ ಪ್ರಿಂಟ್ ಹಾಕಿಸಿಬಿಟ್ಟೆವು. ಪಂಚಿಂಗ್‌ನವರ ಹತ್ತಿರ ಇದ್ದ ಹಳೇ ಡೈ 4 ಎಂಎಂ ಚಿಕ್ಕದಿತ್ತು. ಅಂಗಡಿ ಹೆಸರಿನ ಕೊನೇ ಅಕ್ಷರ ಮಡಿಕೆ ದಾಟಿ ಪಕ್ಕಕ್ಕೆ ಹೋಗಿ ಕೂತಿತ್ತು! ಆ ಬಾಕ್ಸ್‌ಗಳಲ್ಲಿ ಈಗಲೂ ಮನೆಯಲ್ಲಿ ಬೇಳೆ ತುಂಬಿಡುತ್ತೇವೆ.

ಈಗ ಡೈ ಮಾಡುವವರಿಂದಲೇ ಗೆರೆಯ ಫೈಲ್ ತರಿಸಿಕೊಳ್ಳುತ್ತೇವೆ. ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರಲ್‌ಡ್ರಾದಲ್ಲಿ ಅದಕ್ಕೆ ಬೇರೆ ಲೇಯರ್, ಅದಕ್ಕೆ ಲಾಕ್. ಡಿಸೈನರ್ ಅದರ ಕೆಳಗಿನ ಲೇಯರ್‌ನಲ್ಲಿ ಕೆಲಸ ಮಾಡುತ್ತಾರೆ. ಪ್ರಿಂಟ್‌ಗೆ ಹೋಗುವಾಗ ಗೆರೆಯ ಲೇಯರ್ ಆಫ್ ಆಗಿದೆಯಾ ಅಂತ ನೀವೇ ನೋಡಿ. ಮರೆತರೆ ಗುಲಾಬಿ ಗೆರೆ ಸಮೇತ ಅಚ್ಚಾಗುತ್ತದೆ. ಬಣ್ಣವನ್ನು ಕತ್ತರಿಸುವ ಗೆರೆಯಿಂದ 3 ಎಂಎಂ ಹೊರಗೆ ಚಾಚಿಸಿ, ಅಕ್ಷರವನ್ನು ಅಷ್ಟೇ ಒಳಗಿಡಿ. ಅಂಟು ಹಾಕುವ ಪಟ್ಟಿ ಖಾಲಿ ಬಿಡಿ. ಅದರ ಮೇಲೆ ಲ್ಯಾಮಿನೇಷನ್ ಬಂದರೆ ಗಮ್ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಡಮ್ಮಿ, ಅಂದರೆ ಕೈಯಲ್ಲೇ ಮಾಡಿ ನೋಡುವ ಮಾದರಿ ಬಾಕ್ಸ್. ಫೈಲನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. 'ಫಿಟ್ ಟು ಪೇಜ್' ಇದ್ದರೆ ಸುಮ್ನೆ ಚಿಕ್ಕದಾಗಿ ಬಂದಿರುತ್ತದೆ, ಗೊತ್ತೇ ಆಗುವುದಿಲ್ಲ. ಸ್ಕೇಲ್ ಇಟ್ಟು ಅಳೆಯಿರಿ. ನೀವು ಹಾಕಿಸುವ ಬೋರ್ಡಿಗೇ ಅದನ್ನು ಅಂಟಿಸಿ, ಕತ್ತರಿಸಿ, ಮಡಿಸಿ, ಒಳಗೆ ಚಕ್ಕುಲಿ ತುಂಬಿ ನೋಡಿ.

* * *

ನಾನು ಪಂಚಿಂಗ್ ಮೆಷಿನ್ ಮೇಲೆ ನಿಲ್ಲುವವನು. ಮೇಲಿನವರು ಹೇಳಿದ್ದು ಸರಿ, ಎರಡು ಮಾತು ಸೇರಿಸುತ್ತೇನೆ. ಡೈ ಅಂದರೆ 18 ಎಂಎಂ ಪ್ಲೈವುಡ್‌ನಲ್ಲಿ ಸೀಳು ಮಾಡಿ ಬ್ಲೇಡ್ ಕೂರಿಸಿದ ಹಲಗೆ. ಕತ್ತರಿಸುವ ಬ್ಲೇಡ್ ಸಾಮಾನ್ಯವಾಗಿ 23.8 ಎಂಎಂ ಎತ್ತರ. ಮಡಿಕೆಯದು ಅದಕ್ಕಿಂತ ತುಸು ಗಿಡ್ಡ, ತುದಿ ಮೊಂಡು. ಅದಕ್ಕೇ ಫೈಲ್‌ನಲ್ಲಿ ಕಟಿಂಗ್‌ಗೆ ಒಂದು ಬಣ್ಣ, ಕ್ರೀಸಿಂಗ್‌ಗೆ (ಮಡಿಕೆಗೆ) ಇನ್ನೊಂದು ಬಣ್ಣ ಇರಲಿ. ಎರಡೂ ಕಪ್ಪಾಗಿ ಬಂದರೆ ಮಡಿಯಬೇಕಾದ ಜಾಗ ಕತ್ತರಿಸಿಹೋದೀತು.

ಇನ್ನೊಂದು, ಪ್ರಿಂಟ್‌ನವರು ಶೀಟಿನ ಯಾವ ಬದಿಯನ್ನು ಗ್ರಿಪ್ಪರ್‌ಗೆ (ಮೆಷಿನ್‌ನಲ್ಲಿ ಶೀಟನ್ನು ಹಿಡಿದು ಎಳೆಯುವ ಹಿಡಿಕೆಗೆ) ಕೊಟ್ಟಿದ್ದರೋ ನಮಗೂ ಅದೇ ಬದಿ ಹೇಳಬೇಕು. ಶೀಟಿನ ನಾಲ್ಕೂ ಅಂಚು ಪಕ್ಕಾ ಚೌಕ ಇರುವುದಿಲ್ಲ, ಅಲ್ವಾ? ನಾವು ಎದುರು ಬದಿ ತಾಗಿಸಿದರೆ ಗೆರೆ ಜರುಗುತ್ತದೆ. ಆಮೇಲೆ ಬೈಗುಳ ನಮಗೇ. ಲೇಔಟ್ ಫೈಲ್‌ನಲ್ಲಿ ಆ ಬದಿಗೊಂದು ಬಾಣ ಹಾಕಿಸಿ, ಅಷ್ಟು ಸಾಕು.

* * *

ಕೇಳಿದವಳೇ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಡಮ್ಮಿ ಮಾಡಿದೆ. ಚಕ್ಕುಲಿ ಕವರ್ ಸಮೇತ ಇಟ್ಟರೆ ಮುಚ್ಚಳ ಮುಚ್ಚಲೇ ಇಲ್ಲ, ಬರೀ ಚಕ್ಕುಲಿಯ ಅಳತೆ ಕೊಟ್ಟಿದ್ದೆ ನೋಡಿ. ಎತ್ತರ 6 ಎಂಎಂ ಜಾಸ್ತಿ ಮಾಡಿಸಿದೆ. ಡ್ರೈವ್‌ನಲ್ಲಿದ್ದ ಹಳೇ ಫೈಲ್ ತೆಗೆಸಿ, ಹೊಸದರ ಹೆಸರಲ್ಲೇ ತಾರೀಕು ಹಾಕಿಸಿದ್ದೇನೆ. ಬಾಣವನ್ನೂ.