ಪಿಕಾಸಾದಲ್ಲಿ ನೇರ ಮಾಡಿದ್ದ ಫೋಟೋಗಳು ಮತ್ತೆ ಅಡ್ಡವಾಗಿವೆ. ಮನೆಯ ಕಂಪ್ಯೂಟರಿಗೆ ಯಾವ ತಂತ್ರಾಂಶ ಹಾಕಿಕೊಳ್ಳಲಿ?

ಪ್ರಶ್ನೆ (ಸಾಗರದ ನಿವೃತ್ತ ಶಿಕ್ಷಕರಿಂದ):
ಮಾನ್ಯರೇ, ನಮ್ಮ ಮನೆಯಲ್ಲಿ ವಿಂಡೋಸ್ 10 ಇರುವ, ನಾಲ್ಕು ಜಿಬಿ ರ್‍ಯಾಮಿನ ಹಳೆಯ ಡೆಸ್ಕ್‌ಟಾಪ್ ಇದೆ. 2005ರಿಂದ ಈಚೆಗೆ ತೆಗೆದ ಸುಮಾರು ಹದಿನೆಂಟು ಸಾವಿರ ಫೋಟೋಗಳು ಅದರಲ್ಲಿವೆ. ಹಿಂದೆ ಅವನ್ನು ನೋಡಲು, ಸರಿಪಡಿಸಲು ಪಿಕಾಸಾ ಎಂಬ ತಂತ್ರಾಂಶ ಬಳಸುತ್ತಿದ್ದೆ. ಹೊಸ ಹಾರ್ಡ್ ಡಿಸ್ಕ್ ಹಾಕಿಸಿ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅದು ಹೋಯಿತು. ವಿಂಡೋಸ್ ಜೊತೆಗೆ ಬರುವ ಫೋಟೋಸ್ ಎಂಬುದು ಒಂದು ಚಿತ್ರ ತೋರಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನ ಬೇಸರವೆಂದರೆ, ಅಂದು ರಾತ್ರಿಗಳೆಲ್ಲ ಕುಳಿತು ಒಂದೊಂದಾಗಿ ನೇರ ಮಾಡಿದ್ದ ಫೋಟೋಗಳು ಈಗ ಮತ್ತೆ ಅಡ್ಡವಾಗಿವೆ. ನನ್ನ ತಾಯಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಾ ಕುಳಿತಿರುವ ಚಿತ್ರವನ್ನು ನೋಡಲು ಕುತ್ತಿಗೆ ವಾಲಿಸಬೇಕಾಗಿದೆ. ಮಗಳು ಐಫೋನಿನಿಂದ ಪೆನ್‌ಡ್ರೈವಿಗೆ ಹಾಕಿಕೊಟ್ಟ ಚಿತ್ರಗಳಂತೂ ತೆರೆಯುವುದೇ ಇಲ್ಲ. ದಯವಿಟ್ಟು ಮಾರ್ಗದರ್ಶನ ಮಾಡಿ.

ಉತ್ತರ (ಕಂಪ್ಯೂಟರ್ ದುರಸ್ತಿ ಮತ್ತು ದತ್ತಾಂಶ ರಕ್ಷಣೆಯ ಕೆಲಸ ಮಾಡುವ ಸದಸ್ಯರಿಂದ):
ನಮಸ್ಕಾರ ಮೇಷ್ಟ್ರೇ. ಅಡ್ಡವಾದ ಫೋಟೋಗಳ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ತಂತ್ರಾಂಶ ಬೇಕು ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ.

ಪಿಕಾಸಾದಲ್ಲಿ ನೀವು ಫೋಟೋವನ್ನು ತಿರುಗಿಸಿದಾಗ ಅದು ಮೂಲ ಕಡತವನ್ನು ಮುಟ್ಟುತ್ತಿರಲಿಲ್ಲ. ‘ಈ ಚಿತ್ರವನ್ನು ಇಷ್ಟು ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನು ಮಾತ್ರ ಅದೇ ಫೋಲ್ಡರಿನೊಳಗೆ, ಪಿಕಾಸಾ ಡಾಟ್ ಐಎನ್ಐ ಎಂಬ ಅಡಗಿದ ಕಡತದಲ್ಲಿ ಬರೆದಿಡುತ್ತಿತ್ತು. ‘ಸೇವ್’ ಒತ್ತಿದ್ದರೆ ಮಾತ್ರ ಬದಲಾವಣೆ ಚಿತ್ರಕ್ಕೇ ಇಳಿಯುತ್ತಿತ್ತು, ಮೂಲ ಪ್ರತಿ ಇನ್ನೊಂದು ಅಡಗಿದ ಫೋಲ್ಡರಿಗೆ ಹೋಗುತ್ತಿತ್ತು. ನೀವು ಸೇವ್ ಮಾಡಿರಲಿಲ್ಲ ಎಂದು ಕಾಣುತ್ತದೆ. ಬಹಳ ಮಂದಿ ಮಾಡುತ್ತಿರಲಿಲ್ಲ, ಪರದೆಯ ಮೇಲೆ ನೇರವಾಗಿ ಕಂಡದ್ದನ್ನು ನೇರವಾಯಿತೆಂದೇ ಎಲ್ಲರೂ ನಂಬುತ್ತಿದ್ದರು. ಗೂಗಲ್ 2004ರಲ್ಲಿ ಕೊಂಡುಕೊಂಡ ಆ ತಂತ್ರಾಂಶವನ್ನು 2016ರ ಮಾರ್ಚಿನಲ್ಲಿ ನಿಲ್ಲಿಸಿತು. ಓದುವವನು ಹೋದ ಮೇಲೆ ಅವನ ಟಿಪ್ಪಣಿ ಬೇರೆ ಯಾರಿಗೂ ಅರ್ಥವಾಗದ ಸ್ಥಿತಿ ಇದು.

ಆದ್ದರಿಂದ ನನ್ನ ಖಚಿತವಾದ ಸಲಹೆ ಇಷ್ಟು: ಫೋಟೋಗಳನ್ನು ತನ್ನದೇ ಸಂಗ್ರಹಕ್ಕೆ ಎಳೆದುಕೊಳ್ಳುವ ತಂತ್ರಾಂಶ ನಿಮ್ಮ ಮನೆಗೆ ಬೇಡ. ನೀವು ವರ್ಷವಾರು ಜೋಡಿಸಿಟ್ಟ ಫೋಲ್ಡರುಗಳನ್ನು ಇದ್ದ ಹಾಗೆಯೇ ತೆರೆದು ತೋರಿಸುವಂಥದ್ದು ಸಾಕು. ನಾನು ಹಿರಿಯರ ಕಂಪ್ಯೂಟರುಗಳಿಗೆ ಸಾಮಾನ್ಯವಾಗಿ ಹಾಕಿಕೊಡುವುದು ಫಾಸ್ಟ್‌ಸ್ಟೋನ್ ಇಮೇಜ್ ವ್ಯೂವರ್. ಎಡಗಡೆ ಫೋಲ್ಡರುಗಳು, ಬಲಗಡೆ ಪುಟ್ಟ ಪುಟ್ಟ ಚಿತ್ರಗಳು. ಎಂಟರ್ ಒತ್ತಿದರೆ ಚಿತ್ರ ಪೂರ್ತಿ ಪರದೆಗೆ ಹರಡುತ್ತದೆ. ಆಗ ಒಂದು ಗುಂಡಿಯೂ ಕಣ್ಣಿಗೆ ಬೀಳುವುದಿಲ್ಲ, ಮೌಸನ್ನು ಪರದೆಯ ಅಂಚಿಗೆ ತಾಗಿಸಿದಾಗ ಮಾತ್ರ ಪಟ್ಟಿಗಳು ಹೊರಬರುತ್ತವೆ. ಒಂದೇ ಸಂದರ್ಭದಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಯಾರೂ ಕಣ್ಣು ಮುಚ್ಚಿಕೊಳ್ಳದ ಒಂದನ್ನು ಆರಿಸಲೂ ಬರುತ್ತದೆ.

ಇನ್ನೊಂದು ಇರ್ಫಾನ್‌ವ್ಯೂ. ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ ಎಂಬುವರು 1996ರಲ್ಲಿ ಹೊರತಂದ ಇದು ಇಂದಿಗೂ ಕೆಲವೇ ಎಂಬಿ ಗಾತ್ರದ್ದು, ಹಳೆಯ ಯಂತ್ರದಲ್ಲೂ ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ. ನೂರಾರು ಚಿತ್ರಗಳ ಹೆಸರನ್ನೋ ಗಾತ್ರವನ್ನೋ ಒಮ್ಮೆಲೇ ಬದಲಿಸಲು ನಾನು ಇದನ್ನೇ ಬಳಸುತ್ತೇನೆ. ಆದರೆ ಇದು ಮೂಲತಃ ಒಂದೊಂದೇ ಚಿತ್ರ ತೋರಿಸುವ ಕಿಟಕಿ. ಆಲ್ಬಂ ತಿರುವಿ ಹಾಕುವ ಸುಖಕ್ಕೆ ಫಾಸ್ಟ್‌ಸ್ಟೋನ್ ಮೇಲು.

ಐಫೋನಿನ ವಿಷಯ. 2017ರ ಐಒಎಸ್ 11ರಿಂದ ಆ ಫೋನುಗಳು ಜೆಪೆಗ್ ಎಂಬ ಸಾಮಾನ್ಯ ಮಾದರಿಯ ಬದಲು ಹೈಕ್ (HEIC) ಎಂಬ ಮಾದರಿಯಲ್ಲಿ ಚಿತ್ರ ಉಳಿಸುತ್ತಿವೆ. ವಿಂಡೋಸ್ 10 ಅದನ್ನು ತೆರೆಯಬೇಕಾದರೆ ಮೈಕ್ರೋಸಾಫ್ಟ್ ಸ್ಟೋರಿನಿಂದ ಎರಡು ವಿಸ್ತರಣೆಗಳು (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಬೇಕು, ಅವುಗಳಲ್ಲಿ ಒಂದಕ್ಕೆ ಸ್ವಲ್ಪ ಹಣ ಕೊಡಬೇಕು. ಅದಕ್ಕಿಂತ ಸುಲಭವಾದದ್ದು, ಮಗಳ ಫೋನಿನ ಸೆಟ್ಟಿಂಗ್ಸಿನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸುವುದು. ಮುಂದೆ ತೆಗೆಯುವ ಚಿತ್ರಗಳೆಲ್ಲ ಜೆಪೆಗ್ ಆಗುತ್ತವೆ.

ಪ್ರಶ್ನೆ ಕೇಳಿದವರು:
ಬಹಳ ಉಪಕಾರವಾಯಿತು. ಅಂದರೆ ಎಲ್ಲವನ್ನೂ ಮತ್ತೆ ತಿರುಗಿಸಬೇಕು. ಆದರೆ ಜೆಪೆಗ್ ಫೋಟೋವನ್ನು ತಿರುಗಿಸಿ ಉಳಿಸಿದಾಗಲೆಲ್ಲ ಗುಣಮಟ್ಟ ಇಳಿಯುತ್ತದೆ ಎಂದು ಕೇಳಿದ್ದೇನೆ. ತಾಯಿಯವರದು ಇರುವುದು ಅದೊಂದೇ ಚಿತ್ರ, ಆದ್ದರಿಂದ ಕೈ ಹಾಕಲು ಅಳುಕು.

ಉತ್ತರ:
ನಿಮ್ಮ ಅಳುಕು ಸರಿಯಾದದ್ದೇ. ಸಾಮಾನ್ಯ ರೀತಿಯಲ್ಲಿ ತಿರುಗಿಸಿ ಸೇವ್ ಮಾಡಿದರೆ ಚಿತ್ರವನ್ನು ಪೂರ್ತಿ ಬಿಚ್ಚಿ, ಕಡತದ ಗಾತ್ರ ಕುಗ್ಗುವಂತೆ ಮತ್ತೆ ಅದುಮಬೇಕಾಗುತ್ತದೆ, ಹಾಗೆ ಅದುಮುವಾಗ ಪ್ರತಿ ಸಲವೂ ಒಂದಿಷ್ಟು ವಿವರ ನಷ್ಟವಾಗುತ್ತದೆ. ಆದರೆ ಜೆಪೆಗ್ ಎಂಬುದು ಎಂಟು ಅಥವಾ ಹದಿನಾರು ಚುಕ್ಕೆ (ಪಿಕ್ಸೆಲ್) ಅಗಲದ ಸಣ್ಣ ಚೌಕಗಳಿಂದ ಕಟ್ಟಿದ ಚಿತ್ರ. ನೆಲಕ್ಕೆ ಹಾಕಿದ ಹಾಸುಗಲ್ಲುಗಳನ್ನು ಒಡೆಯದೆ ಎತ್ತಿ ಬೇರೆ ದಿಕ್ಕಿಗೆ ಜೋಡಿಸಿದಂತೆ, ಆ ಚೌಕಗಳನ್ನು ಬಿಚ್ಚದೆಯೇ ತಿರುಗಿಸಿ ಇಡಬಹುದು. ಫಾಸ್ಟ್‌ಸ್ಟೋನಿನ ಟೂಲ್ಸ್ ಪಟ್ಟಿಯಲ್ಲಿರುವ ‘ಜೆಪೆಗ್ ಲಾಸ್‌ಲೆಸ್ ರೊಟೇಟ್’ ಮಾಡುವುದು ಇದನ್ನೇ. ಇರ್ಫಾನ್‌ವ್ಯೂನಲ್ಲಿಯೂ ಪ್ಲಗಿನ್ ಎಂಬ ಪೂರಕ ತುಣುಕನ್ನು ಹಾಕಿಕೊಂಡರೆ ಇದು ಸಿಗುತ್ತದೆ. ಚಿತ್ರದ ಅಳತೆ ಚೌಕಕ್ಕೆ ಸರಿಯಾಗಿ ಭಾಗವಾಗಿದ್ದರೆ ಒಂದು ಚುಕ್ಕೆಯೂ ಕಳೆಯುವುದಿಲ್ಲ. ಉದಾಹರಣೆಗೆ 4032×3024 ಅಳತೆಯ ಚಿತ್ರದ ಎರಡೂ ಸಂಖ್ಯೆಗಳು 16ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಭಾಗವಾಗದ ಅಳತೆಗಳಲ್ಲಿ ಅಂಚಿನ ಕಿರಿದಾದ ಒಂದು ಪಟ್ಟಿ ಮಾತ್ರ ತೊಂದರೆ ಕೊಡುತ್ತದೆ.

ಆದರೂ ತಾಯಿಯವರ ಚಿತ್ರದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟೇ ಆರಂಭಿಸಿ. ಇನ್ನೊಂದು ಮಾತು: ಆ ಐಎನ್ಐ ಕಡತಗಳನ್ನು ಅಳಿಸಬೇಡಿ. ಅಡಗಿದ ಕಡತಗಳನ್ನು ತೋರಿಸುವಂತೆ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆದರೆ, ಫೋಟೋದ ಹೆಸರಿನ ಕೆಳಗೆ ‘ರೊಟೇಟ್’ ಎಂಬ ಸಾಲು ಕಾಣುತ್ತದೆ. ಯಾವ ಯಾವ ಚಿತ್ರಗಳನ್ನು ತಿರುಗಿಸಿದ್ದಿರಿ ಎಂಬುದಕ್ಕೆ ನಿಮ್ಮ ಆ ರಾತ್ರಿಗಳ ದುಡಿಮೆಯ ಪಟ್ಟಿ ಅದು. ಅದನ್ನು ನೋಡಿಕೊಂಡು ಒಂದು ಫೋಲ್ಡರಿನ ಚಿತ್ರಗಳನ್ನು ಒಟ್ಟಿಗೆ ಆರಿಸಿ ತಿರುಗಿಸಬಹುದು, ಹದಿನೆಂಟು ಸಾವಿರವನ್ನೂ ಹುಡುಕಬೇಕಾಗಿಲ್ಲ.

ಮತ್ತೊಬ್ಬ ಸದಸ್ಯೆ:
ನಾನು ಹೊನ್ನಾಳಿಯಲ್ಲಿ ಸಣ್ಣ ಸ್ಟುಡಿಯೋ ನಡೆಸುತ್ತೇನೆ. ಇವುಗಳನ್ನು ನಾನೂ ಉಚಿತವಾಗಿ ಬಳಸಬಹುದೇ? ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳನ್ನು ತೆರೆಯುತ್ತವೆಯೇ?

ಉತ್ತರ:
ಬಳಸುವಂತಿಲ್ಲ ಮೇಡಂ. ಎರಡೂ ವ್ಯಾಪಾರವಲ್ಲದ ಬಳಕೆಗೆ ಮಾತ್ರ ಉಚಿತ. ವ್ಯಾಪಾರಕ್ಕೆ ಪರವಾನಗಿ ಕೊಳ್ಳಬೇಕು. ಹಣ ಕೊಡದೆ ಕ್ರಮಬದ್ಧವಾಗಿ ಬಳಸಬೇಕೆಂದರೆ ಮುಕ್ತ ತಂತ್ರಾಂಶವಾದ ಡಿಜಿಕ್ಯಾಮ್ ಇದೆ. ಅದು ತನ್ನದೇ ದತ್ತಸಂಚಯ (ಚಿತ್ರಗಳ ವಿವರಗಳ ಪಟ್ಟಿ) ಕಟ್ಟುತ್ತದೆ, ಯಂತ್ರವೂ ಸ್ವಲ್ಪ ಗಟ್ಟಿಯಾಗಿರಬೇಕು. ಸ್ಟುಡಿಯೋದಲ್ಲಿ ಗ್ರಾಹಕರ ಹೆಸರು ಹಿಡಿದು ಹುಡುಕುವ ಅಗತ್ಯ ಇರುವುದರಿಂದ ನಿಮಗೆ ಆ ಕಷ್ಟ ಸಾರ್ಥಕವಾದೀತು. ಹೆಸರುಗಳು ಮತ್ತು ಅಡಿಬರಹಗಳನ್ನು ಚಿತ್ರದ ಕಡತದೊಳಗೇ ಬರೆಯುವ ಆಯ್ಕೆಯನ್ನು ಮೊದಲ ದಿನವೇ ಹಾಕಿಕೊಳ್ಳಿ, ಮೇಷ್ಟ್ರಿಗೆ ಆದದ್ದು ನಿಮಗಾಗಬಾರದು.

ಕನ್ನಡ ಹೆಸರಿನ ವಿಷಯದಲ್ಲಿ, ಹಳೆಯ ಆವೃತ್ತಿಯ ತಂತ್ರಾಂಶಗಳು ‘ಅಮ್ಮ’ ಎಂಬ ಫೋಲ್ಡರನ್ನು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಯಾವುದನ್ನೇ ಹಾಕಿಕೊಂಡರೂ ಕನ್ನಡ ಹೆಸರಿನ ಒಂದು ಫೋಲ್ಡರ್ ಮಾಡಿ, ಎರಡು ಚಿತ್ರ ಹಾಕಿ, ತಿರುಗಿಸಿ, ಸೇವ್ ಮಾಡಿ ನೋಡಿ. ಐದು ನಿಮಿಷದ ಕೆಲಸ. ತಂತ್ರಾಂಶವನ್ನು ಅದನ್ನು ತಯಾರಿಸಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹೊಸ ಆವೃತ್ತಿ ಬಂದಾಗ ಬದಲಿಸಿಕೊಳ್ಳಿ, ಏಕೆಂದರೆ ಚಿತ್ರದ ಕಡತದ ಮೂಲಕವೂ ಕಿಡಿಗೇಡಿಗಳು ಯಂತ್ರಕ್ಕೆ ನುಗ್ಗಲು ಸಾಧ್ಯವಿದೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಮಾದರಿಯ ಚಿತ್ರಗಳನ್ನು ಓದುವ ತಂತ್ರಾಂಶದ ತುಣುಕಿನಲ್ಲಿ ಅಂಥ ದೋಷ ಸಿಕ್ಕಿ, ಬ್ರೌಸರುಗಳೂ ಸೇರಿ ಹಲವು ತಂತ್ರಾಂಶಗಳನ್ನು ತುರ್ತಾಗಿ ಸರಿಪಡಿಸಬೇಕಾಯಿತು. ಮೇಷ್ಟ್ರೇ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ (ದೋಷಗಳ ತಿದ್ದುಪಡಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಮಾತು ನಿಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಿಮ್ಮ ಹಳೆಯ ಹಾರ್ಡ್ ಡಿಸ್ಕ್ ಬೀರುವಿನಲ್ಲಿ ಇನ್ನೂ ಇದ್ದರೆ, ಈ ಕೆಲಸವೆಲ್ಲ ಮುಗಿಯುವವರೆಗೆ ಅದನ್ನು ಯಾರಿಗೂ ಕೊಡಬೇಡಿ.