‘ಸರ್ಚ್ ಸಸ್ಪೆಂಡೆಡ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ? (ಎಂಎಚ್ 370)

ತುಮಕೂರಿನಿಂದ:
ನಮಸ್ಕಾರ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಆಳಸಮುದ್ರದ ಫಲಕಗಳನ್ನು ಅನುವಾದ ಮಾಡುತ್ತಿದ್ದೇನೆ. ಅದರಲ್ಲೊಂದು ಎಂಎಚ್ 370 ವಿಮಾನದ್ದು. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟು 239 ಜನರ ಸಮೇತ ಕಾಣೆಯಾಯಿತಲ್ಲ, ಅದು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ 1,20,000 ಚದರ ಕಿ.ಮೀ. ಕಡಲತಳ ಹುಡುಕಿ, 2017ರ ಜನವರಿ 17ರಂದು ಆಸ್ಟ್ರೇಲಿಯಾ, ಮಲೇಷ್ಯಾ, ಚೀನಾ ಸೇರಿ ‘ಸರ್ಚ್ ಸಸ್ಪೆಂಡೆಡ್’ ಅಂದವು. ಇದಕ್ಕೆ ಏನು ಹಾಕಲಿ? ಶೀರ್ಷಿಕೆಗೆ ‘ವಿಫಲ ಶೋಧ’ ಎಂದು ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು.

ಬೆಂಗಳೂರಿನಿಂದ:
‘ಶೋಧ ಸ್ಥಗಿತ’. ಪೇಪರಿನಲ್ಲಿ ದಿನಾ ಬರುವ ಮಾತು. ಚರ್ಚೆ ಬೇಕಿಲ್ಲ.

ಮೈಸೂರಿನಿಂದ:
ಶೋಧ, ಸ್ಥಗಿತ ಎರಡೂ ಸಂಸ್ಕೃತ. ಅರಸು, ಹುಡುಕು, ತಡಕು ಎಂದು ನಮ್ಮಲ್ಲೇ ಇಷ್ಟೊಂದು ಇರುವಾಗ ಸಾಲ ಯಾಕೆ? ‘ಕಡಲತಳ’ವೂ ಬೇಡ, ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಕಡಲಡಿ’ ಸಾಕು. ವಿಮಾನಕ್ಕೆ ‘ಬಾನೋಡ’ ಇದೆ. ಮಕ್ಕಳ ಫಲಕದಲ್ಲೇ ಬಳಸದಿದ್ದರೆ ಇನ್ನೆಲ್ಲಿ ಬಳಸುತ್ತೀರಿ?

ಧಾರವಾಡದಿಂದ:
‘ತಳ’ ತದ್ಭವ, ಸಂಸ್ಕೃತದಿಂದ ಬಂದು ರೂಪ ಬದಲಿಸಿ ಕನ್ನಡವೇ ಆದ ಪದ. ಅರಿಸಮಾಸದ ಮಾತೇ ಬರುವುದಿಲ್ಲ.

‘ತಡಕು’ ಖಂಡಿತ ಬೇಡ. ತಡಕುವುದು ಅಂದರೆ ಕತ್ತಲಲ್ಲಿ ಕೈಯಾಡಿಸುವುದು. ಅಲ್ಲಿ ನಡೆದದ್ದು ಹಾಗಲ್ಲ. ವಿಮಾನಕ್ಕೂ ಇನ್ಮಾರ್‌ಸ್ಯಾಟ್ ಉಪಗ್ರಹಕ್ಕೂ ನಡುವೆ ಹೋಗಿಬಂದ ಕೊನೆಯ ಸಂಕೇತದಿಂದ ದೂರ ಲೆಕ್ಕ ಹಾಕಿದರು. ಸಿಕ್ಕಿದ್ದು ಒಂದು ಜಾಗವಲ್ಲ, ಸಾವಿರಾರು ಕಿಲೋಮೀಟರ್ ಉದ್ದದ ಬಾಗಿದ ಗೆರೆ. ಅದನ್ನೇ ‘ಏಳನೇ ಕಂಸ’ ಅನ್ನುತ್ತಾರೆ. ಅದರ ದಕ್ಷಿಣದ ಒಂದು ಭಾಗವನ್ನು ಆರಿಸಿಕೊಂಡು, ಆಚೀಚೆ ಹಡಗುಗಳು ಸಾಲು ಹಿಡಿದು ಹೋಗಿ ಬಂದವು. ಹಡಗಿನ ಹಿಂದೆ ಕಿಲೋಮೀಟರ್‌ಗಟ್ಟಲೆ ಕೇಬಲ್, ತುದಿಯಲ್ಲಿ ಟೋಫಿಶ್, ಅಂದರೆ ಸದ್ದಿನಿಂದ ನೋಡುವ ಸೋನಾರ್ ಇರುವ ಉಪಕರಣ. ಅದು ತಳಕ್ಕೆ ತಾಗದೆ ಸುಮಾರು ನೂರು ಮೀಟರ್ ಮೇಲೆ ಸಾಗುತ್ತಾ ಎರಡೂ ಪಕ್ಕಕ್ಕೆ ಸದ್ದು ಕಳಿಸುತ್ತದೆ. ಮರಳಿ ಬಂದ ಸದ್ದಿನಿಂದ ಚಿತ್ರ ಮೂಡುತ್ತದೆ. ಗಟ್ಟಿ ವಸ್ತು ಇದ್ದರೆ ಬೆಳ್ಳಗೆ ಹೊಳೆದು, ಹಿಂದೆ ನೆರಳು ಬೀಳುತ್ತದೆ. ಬಂಡೆಯೋ ಲೋಹವೋ ಎಂದು ಅನುಮಾನ ಬಂದರೆ ಮತ್ತೊಮ್ಮೆ ಹತ್ತಿರದಿಂದ ನೋಡಬೇಕು. ಹಾಗೆ ನೋಡುವಾಗ ಹಳೆಯ ಕಾಲದ ಹಡಗಿನ ಅವಶೇಷಗಳು ಸಿಕ್ಕವು.

ಇದಕ್ಕೆ ಸರಿಯಾದ ಮಾತು ‘ಜಾಲಾಡು’. ಇದು ಜಾಲದಿಂದ, ಅಂದರೆ ಬಲೆಯಿಂದ ಬಂತು ಎಂದು ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಕಿ ಜಾಲಿಸುವ ‘ಜಾಲಿಸು’ ಇದರ ಬೇರು. ನೀರಲ್ಲಿ ಆಡಿಸಿ ಕಲ್ಲನ್ನು ಬೇರೆ ಮಾಡುತ್ತೇವಲ್ಲ, ಸೋನಾರ್ ಚಿತ್ರ ನೋಡುತ್ತಾ ಕೂತವರ ಕೆಲಸವೂ ಅದೇ.

ಬೆಂಗಳೂರಿನಿಂದ:
ಬೇರು ಆಮೇಲೆ ನೋಡೋಣ ಸರ್, ಅವರಿಗೆ ನಾಳೆ ಪ್ರಿಂಟ್. ಪೊಲೀಸರು ಮನೆ ಜಾಲಾಡಿದರು ಅನ್ನುವ ಮಾತು ಶೀರ್ಷಿಕೆಗೆ ಒರಟು.

ಕುಂದಾಪುರದಿಂದ:
ಮೇಡಂ, ‘ಸ್ಥಗಿತ’ ಇರಲಿ. ಆದರೆ ಅದರ ಹಿಂದೆ ‘ತಾತ್ಕಾಲಿಕ’ ಸೇರಿಸಬೇಡಿ. ‘ಮುಕ್ತಾಯ’ವೂ ಬೇಡ. ವಿಮಾನ ಇಂಥ ಕಡೆಯೇ ಇದೆ ಎಂದು ತೋರಿಸುವ ನಂಬಬಹುದಾದ ಹೊಸ ಸುಳಿವು ಬಂದರೆ ಮಾತ್ರ ಮುಂದುವರಿಸುತ್ತೇವೆ ಎಂಬುದು ಆ ಸರ್ಕಾರಗಳ ನಿಲುವಾಗಿತ್ತು. ‘ಕೈಬಿಟ್ಟರು’ ಎಂದು ಬರೆದರೆ ಅದೂ ಸುಳ್ಳು. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಇನ್ನೂ 1,12,000 ಚದರ ಕಿ.ಮೀ. ನೋಡಿತು. 2025ರಲ್ಲಿ ಮಲೇಷ್ಯಾ ಅದೇ ಕಂಪನಿ ಜೊತೆ ಮತ್ತೆ ಒಪ್ಪಂದ ಮಾಡಿಕೊಂಡಿತು. ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಏನೂ ಇಲ್ಲ.

‘ಏನೂ ಸಿಗಲಿಲ್ಲ’ ಎಂದೂ ಬರೆಯಬೇಡಿ. 2015ರ ಜುಲೈನಲ್ಲಿ ರೆಯೂನಿಯನ್ ದ್ವೀಪದ ದಡಕ್ಕೆ ರೆಕ್ಕೆಯ ಒಂದು ತುಂಡು ಬಂದಿತ್ತು. ಸಿಗದೇ ಇರುವುದು ತಳದಲ್ಲಿರುವ ವಿಮಾನ, ಅದರ ಬ್ಲಾಕ್ ಬಾಕ್ಸ್. ಅದನ್ನು ‘ಕಪ್ಪು ಪೆಟ್ಟಿಗೆ’ ಮಾಡಬೇಡಿ, ಅದರ ಬಣ್ಣ ಕಿತ್ತಳೆ.

ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು 2018ರ ಡಿಸೆಂಬರಿನಲ್ಲಿ ಏಳು ಜನರ ಸಮೇತ ಕಾಣೆಯಾದಾಗ ನಮ್ಮ ಕಡೆ ಯಾರೂ ಶೋಧ ಸಫಲವೋ ವಿಫಲವೋ ಎಂದು ಕೇಳಲಿಲ್ಲ. ‘ಬೋಟು ಸಿಕ್ಕಿತಾ?’ ಎಂದೇ ಕೇಳಿದರು. ನೌಕಾಪಡೆಗೆ ಮಾಲ್ವಣ್ ಹತ್ತಿರ ಅವಶೇಷ ಸಿಗುವವರೆಗೆ ಅದೊಂದೇ ಪ್ರಶ್ನೆ. ಕಾಯುವವರ ಮಾತು ಅದು. ಅದನ್ನೇ ಬಳಸಿ.

ಮೈಸೂರಿನಿಂದ:
ಹಾಗಾದರೆ ‘ಬ್ಲಾಕ್ ಬಾಕ್ಸ್’ ಬರಬಹುದು, ‘ಬಾನೋಡ’ ಬರಬಾರದು? ಇಂಗ್ಲಿಷಿಗೆ ಬಾಗಿಲು ತೆಗೆದು ಕನ್ನಡಕ್ಕೆ ಹಾಕುವುದು ಯಾವ ನ್ಯಾಯ?

ಧಾರವಾಡದಿಂದ:
ವಿಮಾನ ಸದ್ದು ಮಾಡಿದರೆ ಹಳ್ಳಿಯ ಮಕ್ಕಳು ಅಂಗಳಕ್ಕೆ ಓಡಿ ಬಂದು ‘ವಿಮಾನ, ವಿಮಾನ’ ಎಂದೇ ಕೂಗುತ್ತಾರೆ. ಅದು ಅವರ ಕನ್ನಡ. ಕಿತ್ತು ಹಾಕಲು ನಾವು ಯಾರು?

ಮೈಸೂರಿನಿಂದ:
ಆ ಮಕ್ಕಳೇ ಈಗ ‘ಫ್ಲೈಟ್’ ಅನ್ನುತ್ತಿದ್ದಾರೆ. ಕೇಳಿಸಿಕೊಳ್ಳಿ.

ತುಮಕೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಶೀರ್ಷಿಕೆ: ‘ಇನ್ನೂ ಸಿಗದ ವಿಮಾನ’. ಒಳಗೆ: ‘ಹೊಸ ಸುಳಿವು ಸಿಗುವವರೆಗೆ ಹುಡುಕಾಟ ಸ್ಥಗಿತ ಎಂದು 2017ರಲ್ಲಿ ಮೂರು ದೇಶಗಳು ಹೇಳಿದವು.’ ಸೋನಾರ್ ಚಿತ್ರದ ಕೆಳಗೆ ‘ಕಡಲತಳವನ್ನು ಜಾಲಾಡಿದ ಬಗೆ’ ಎಂದು ಹಾಕಿದ್ದೇನೆ. ಟೋಫಿಶ್‌ಗೆ ಮಕ್ಕಳಿಗೆ ತಿಳಿಯುವ ಹೆಸರು ಯಾರಿಗಾದರೂ ಹೊಳೆದರೆ ರಾತ್ರಿಯೊಳಗೆ ಹೇಳಿ. ಇಲ್ಲದಿದ್ದರೆ ‘ಎಳೆದೊಯ್ಯುವ ಸೋನಾರ್’ ಎಂದು ಕಳಿಸುತ್ತೇನೆ.